ನನ್ನ ಜಾಗದಲ್ಲಿ ಕುಳಿತಾಕೆ

ಆಕೆ ತೀರಿಕೊಂಡ ಮೇಲೆ, ಸ್ಮರಣೆಯ ಕೂಟದಲ್ಲಿ ಓದಲು ಎರಡು ಪುಟ ಬರೆದುಕೊಡಿ ಎಂದು ನಮ್ಮ ಚರ್ಚಿನ ಸಭೆಯವರು ನನ್ನನ್ನೇ ಕೇಳಿದರು. ಪಕ್ಕದ ಮನೆಯವಳು, ಮೇಲಾಗಿ ಶಾಲೆಯ ಟೀಚರು, ಅಕ್ಷರ ದುಂಡಗೆ. ಬರೆದುಕೊಟ್ಟೆ. ದೊಡ್ಡ ವಿಶ್ವಾಸಿ, ದುಡಿಮೆಗಾರ್ತಿ, ಮಾದರಿ ತಾಯಿ ಎಂದೆಲ್ಲ ಬರೆದು, ಒಂದು ಕಾಟೂ ಇರದ ಹಾಗೆ ಎರಡು ಸಲ ನಕಲು ತೆಗೆದು ಕೊಟ್ಟೆ. ಓದುವಾಗ ಹಲವರು ಕಣ್ಣೊರೆಸಿಕೊಂಡರು. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ಮುಖ್ಯವಾದ ಒಂದು ಮಾತು ಬಿಟ್ಟಿದ್ದೆ. ಹದಿನಾರು ವರ್ಷ ನಾನು ಆಕೆಯ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ. ಒಡವೆ ಸೀರೆಗಳ ವಿಷಯಕ್ಕೆ ನೆರೆಹೊರೆಯವರು ಪಡುವ ಕಿಚ್ಚಲ್ಲ ಅದು. ಕೆಲವು ಸಂಜೆ ನನಗೆ ಊಟ ಇಳಿಯುತ್ತಿರಲಿಲ್ಲ. ಈಗ ಬರೆಯುತ್ತಿರುವುದು ಆ ಬಿಟ್ಟುಹೋದ ಮಾತನ್ನು. ಇಲ್ಲಿ ಆಕೆಯ ಹೆಸರು ಹಾಕುವುದಿಲ್ಲ. ಹೊಗಳಿಕೆಯಲ್ಲಿ ಬೇಕಾದಷ್ಟು ಸಲ ಬಂದಿದೆ.

ಬ್ಯಾಡಗಿಯಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಮನೆ. ನಾನು ದಿನಾ ಬಸ್ಸು ಹಿಡಿದು ಮೋಟೆಬೆನ್ನೂರಿನ ಶಾಲೆಗೆ ಹೋಗಿಬರುತ್ತೇನೆ. ನಮ್ಮವರಿಗೆ ತಾಲೂಕು ಕಚೇರಿಯಲ್ಲಿ ಕೆಲಸ. ಒಬ್ಬಳೇ ಮಗಳು, ಕರುಣಾ. ಗೋಡೆಯ ಆಚೆ ಆಕೆ, ಮೆಣಸಿನಕಾಯಿ ಪೇಟೆಯಲ್ಲಿ ತೂಕಕ್ಕೆ ನಿಲ್ಲುವ ಆಕೆಯ ಗಂಡ, ಕರುಣಾಳ ವಾರಿಗೆಯ ಒಬ್ಬ ಮಗ. ಆಕೆ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೂ ಮದುವೆ ಮನೆಗಳಿಗೂ ಕೊಡುತ್ತಿದ್ದಳು. ದೊಡ್ಡವರಿಗೆ 'ರೊಟ್ಟಿ ಅಕ್ಕಾರು', ಮಕ್ಕಳಿಗೆ 'ರೊಟ್ಟಿ ಆಂಟಿ'. ಬೆಳಗ್ಗೆ ಐದಕ್ಕೆಲ್ಲ ಪಟಪಟ ಸದ್ದು ಶುರುವಾಗುತ್ತಿತ್ತು. ನಮ್ಮ ಮನೆಗೆ ಅಲಾರಂ ಬೇಕಾಗಿರಲಿಲ್ಲ.

ಕುಳ್ಳಗೆ, ದಪ್ಪಗೆ ಇದ್ದಳು. ಮೊಣಕೈವರೆಗೆ ಹಿಟ್ಟು, ಸೆರಗಿನ ತುದಿಗೆ ಒಲೆಯ ಮಸಿ. ನಕ್ಕರೆ ಮೈಯೆಲ್ಲ ಕುಲುಕುತ್ತಿತ್ತು. ಮನೆಯೋ, ದೇವರೇ ಗತಿ! ಪಡಸಾಲೆಯ ಮಂಚದ ಮೇಲೆ ಒಗೆದ ಬಟ್ಟೆಯ ರಾಶಿ ಸದಾ ಬಿದ್ದಿರುತ್ತಿತ್ತು. ಅದರಲ್ಲಿ ಒಂದನ್ನಾದರೂ ಮಡಚಿಟ್ಟದ್ದನ್ನು ನಾನು ಕಾಣೆ. ಯಾರಿಗೆ ಏನು ಬೇಕೋ ಅವರು ರಾಶಿಯೊಳಗೆ ಕೈ ಹಾಕಿ ಎಳೆದುಕೊಂಡು ಉಡುತ್ತಿದ್ದರು. ಮನೆಗೆ ಯಾರಾದರೂ ಬಂದರೆ ರಾಶಿಯನ್ನು ಒಂದು ಬದಿಗೆ ನೂಕಿ, "ಕುಂದರ್ರಿ, ಹಸನ ಅದಾವ, ಒಗದಾವ" ಎನ್ನುವಳು. ಮೊದಲ ಸಲ ಆ ಮನೆಗೆ ಹೋಗಿ ಬಂದ ದಿನ ನಾನು ನಮ್ಮವರ ಮುಂದೆ ಅದನ್ನು ಆಡಿಕೊಂಡು ನಕ್ಕಿದ್ದೆ. ಆ ನಗು ಬಹಳ ದಿನ ಉಳಿಯಲಿಲ್ಲ.

ಸಂಜೆ ಏಳಕ್ಕೆ ಆಕೆ ಒಲೆ ಆರಿಸುತ್ತಿದ್ದಳು. ಹಂಚಿನ ಮೇಲೆ ರೊಟ್ಟಿ ಇದ್ದರೆ ಅದೊಂದು ಬೇಯುವ ತನಕ ತಡೆಯುವಳು, ಅಷ್ಟೇ. ಆಮೇಲೆ ಗಂಡ, ಮಗ, ಆ ಹೊತ್ತಿಗೆ ಮನೆಗೆ ಬಂದವರು ಯಾರೇ ಇರಲಿ, ಎಲ್ಲರೂ ಚಾಪೆಯ ಮೇಲೆ. ಒಂದು ಹಾಡು, ಬೈಬಲ್ಲಿನ ಒಂದಿಷ್ಟು ವಾಕ್ಯ ಓದುವುದು, ಪ್ರಾರ್ಥನೆ. ಇಪ್ಪತ್ತು ನಿಮಿಷದ ಆರಾಧನೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಹೊರಗಿನ ಖರೀದಿದಾರರೆಲ್ಲ ಊರಲ್ಲಿ ಬೀಡುಬಿಟ್ಟಾಗ ಖಾನಾವಳಿಗಳಲ್ಲಿ ರೊಟ್ಟಿಗೆ ಹಾಹಾಕಾರ ಏಳುವುದೂ ಅದೇ ಹೊತ್ತಿಗೆ. ಆಗಲೂ ಆಕೆಯ ಒಲೆ ಆರುತ್ತಿತ್ತು. ಪೇಟೆಯ ಘಾಟಿಗೆ ಹಾಡಿನ ನಡುವೆ ಒಬ್ಬರಾದ ಮೇಲೆ ಒಬ್ಬರು ಸೀನುತ್ತಿದ್ದರು, ಸೀನಿದವರು ಬಿಟ್ಟ ಸಾಲನ್ನು ಉಳಿದವರು ಹಿಡಿದು ಮುಂದುವರಿಸುತ್ತಿದ್ದರು.

ಒಂದು ಸಂಜೆ ಹೊಸದಾಗಿ ಖಾನಾವಳಿ ಹಾಕಿದವನೊಬ್ಬ ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದ. "ಅಕ್ಕಾರ, ಗಿರಾಕಿ ತಾಟ ಮುಂದಿಟಗೊಂಡು ಕುಂತಾರ್ರೀ. ರೊಟ್ಟಿ ಕೊಟ್ಟು ಆಮ್ಯಾಲೆ ಕುಂದರ್ರಿ." ಆಕೆ ಕಣ್ಣು ಮುಚ್ಚಿಕೊಂಡೇ ಕೈಯಾಡಿಸಿದಳು. ಕಟ್ಟೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಬಸ್‌ಸ್ಟ್ಯಾಂಡಿನ ಖಾನಾವಳಿಯ ಖಾದರ್‌ಸಾಬರು ಅವನ ತೋಳು ಹಿಡಿದು ಕೂರಿಸಿದರು. "ಏ, ಸುಮ್ಮ ಕುಂದ್ರೋ ಮಾರಾಯಾ. ನಾ ನಮಾಜಿಗೆ ಹ್ವಾದಾಗ ಅಕ್ಕಾರು ನನ್ನ ಬುಟ್ಟಿ ಕಾಯಂಗಿಲ್ಲೇನ? ಈಗ ಕಾಯೂದು ನಮ್ಮ ಪಾಳಿ." ನಾನು ನಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದೆ. ಕೈಯಲ್ಲಿ ಒರೆಸುವ ಬಟ್ಟೆ ಇತ್ತು, ಬಾಗಿಲ ಚೌಕಟ್ಟು ಒರೆಸುತ್ತಿದ್ದೆ.

ನಮ್ಮ ಮನೆಯಲ್ಲೂ ಪ್ರಾರ್ಥನೆ ಇತ್ತು, ಅಡುಗೆಮನೆಯ ಗೋಡೆಗೆ ನಾನು ಅಂಟಿಸಿದ್ದ ವೇಳಾಪಟ್ಟಿಯಲ್ಲಿ. ಎಂಟು ಗಂಟೆಗೆ ಎಂದು ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೆ. ಆದರೆ ಹಸನಾದ ಮನೆಯಲ್ಲೇ ದೇವರ ಮುಂದೆ ಕೂರಬೇಕು ಎಂಬುದು ನನ್ನ ಹಟ. ಪಾತ್ರೆ ತಿಕ್ಕಿ ಒರೆಸಿ ಇಡಬೇಕು, ನಾಳೆಯ ಪಲ್ಯಕ್ಕೆ ಹೆಚ್ಚಬೇಕು, ಯೂನಿಫಾರ್ಮಿಗೆ ಇಸ್ತ್ರಿ ಆಗಬೇಕು, ನೆಲಕ್ಕೊಮ್ಮೆ ಬಟ್ಟೆ ಹಾಕಬೇಕು. ಅಷ್ಟು ಮುಗಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬರುವ ಹೊತ್ತಿಗೆ ನಮ್ಮವರು ಟಿವಿಯ ಮುಂದೆ ತೂಕಡಿಸುತ್ತಿದ್ದರು, ಮಗಳು ಪುಸ್ತಕದ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದಳು. ನಾಳೆ ಮಾಡೋಣ ಎನ್ನುತ್ತಿದ್ದೆ. ವಾರದಲ್ಲಿ ನಾಲ್ಕು ದಿನ ನಾಳೆಯೇ. ಕುಳಿತ ದಿನವಾದರೂ ಸುಮ್ಮನಿರುತ್ತಿದ್ದೆನೇ? ನಮ್ಮವರಿಗೆ ನೆಟ್ಟಗೆ ಕೂರಿ ಎನ್ನುವುದು, ಮಗಳ ರಾಗ ತಿದ್ದುವುದು, ಅವಳು ಬಾಯಿಬಿಟ್ಟು ಪ್ರಾರ್ಥಿಸಿದರೆ ಮುಗಿದ ಮೇಲೆ ಯಾವ ಮಾತು ಎರಡು ಸಲ ಬಂತು ಎಂದು ಹೇಳಿಕೊಡುವುದು. ಒಂದು ದಿನ ಕರುಣಾ ಅಂದಳು, "ಅವ್ವಾ, ಪ್ರಾರ್ಥನಾ ನೀನ ಮಾಡು. ನಿನಗ ಬರೋಬ್ಬರಿ ಬರ್ತೈತಿ." ಆಮೇಲೆ ನನ್ನ ಮುಂದೆ ಅವಳು ಬಾಯಿಬಿಟ್ಟು ಪ್ರಾರ್ಥಿಸಲಿಲ್ಲ.

ಆಗ ಅವಳಿಗೆ ಒಂಬತ್ತೋ ಹತ್ತೋ ವಯಸ್ಸು. ಕೆಲವೇ ದಿನಗಳ ನಂತರ, ರೊಟ್ಟಿ ತಂದ ಬಟ್ಟಲು ಕೊಟ್ಟು ಬಾ ಎಂದು ಪಕ್ಕದ ಮನೆಗೆ ಕಳಿಸಿದ್ದೆ. ಅರ್ಧ ಗಂಟೆಯಾದರೂ ಬರಲಿಲ್ಲ. ಗೋಡೆಯ ಆಚೆಯಿಂದ ಹಾಡು ಕೇಳಿಸುತ್ತಿತ್ತು. ಆಕೆಯ ದನಿ ಯಾವಾಗಲೂ ಶ್ರುತಿ ಬಿಟ್ಟೇ ಓಡುತ್ತಿತ್ತು, ಅದನ್ನು ಗುರುತಿಸುವುದು ಕಷ್ಟವಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಎಳೆ ದನಿ ಇತ್ತು. ಹಾಡು ಮುಗಿದ ಮೇಲೆ ಆ ದನಿ ಪ್ರಾರ್ಥಿಸಿತು. ತಪ್ಪು ತಪ್ಪಾಗಿ, ನಡುವೆ ನಗುತ್ತ, ತನ್ನ ಗೆಳತಿಯ ಕಾಲು ನೋವಿನಿಂದ ಹಿಡಿದು ನಮ್ಮ ಮನೆಯ ಕೆಟ್ಟುಹೋದ ಮಿಕ್ಸರಿನವರೆಗೆ ಎಲ್ಲವನ್ನೂ ದೇವರಿಗೆ ಹೇಳಿತು. ಅಡುಗೆಮನೆಯಲ್ಲಿ ನಿಂತು ಕೇಳಿದೆ. ನನ್ನ ಹೊಟ್ಟೆಯಲ್ಲಿ ಅಂದು ಹತ್ತಿದ ಕಿಚ್ಚು ಅದು.

ಭಾನುವಾರದ ಕಥೆಯೂ ಹೀಗೆಯೇ. ನಮ್ಮ ಮನೆಯ ಮೂವರೂ ಇಸ್ತ್ರಿ ಮುರಿಯದ ಬಟ್ಟೆಯಲ್ಲಿ, ಎರಡನೆಯ ಹಾಡಿಗೆ ಚರ್ಚಿನ ಬಾಗಿಲಲ್ಲಿ ನಿಂತಿರುತ್ತಿದ್ದೆವು. ಆಕೆ ಮೊದಲ ಗಂಟೆಗೇ ಬಂದು ಕುಳಿತಿರುವಳು, ಒಮ್ಮೆ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಗಂಡನದು. ನಮ್ಮನ್ನು ಕಂಡ ಕೂಡಲೇ ಪಕ್ಕದಲ್ಲಿ ಹಾಸಿಟ್ಟ ಕರವಸ್ತ್ರ ಎತ್ತಿಕೊಂಡು, "ಬರ್ರಿ ಟೀಚರ್, ಹಿಡದಿಟ್ಟೇನಿ" ಎಂದು ಇಡೀ ಸಭೆಗೆ ಕೇಳುವ ಹಾಗೆ ಪಿಸುಗುಟ್ಟುವಳು. ಸಭಾಪಾಲಕರು ಬೋಧಿಸಲು ನಿಂತು ಪ್ರಸಂಗ ಶುರುವಾದ ಐದು ನಿಮಿಷಕ್ಕೆ ನಿದ್ದೆ ಹೋಗುವಳು. ಬೆಳಗ್ಗೆ ಐದಕ್ಕೆ ಎದ್ದವಳಲ್ಲವೇ. ಆಕೆ ನಿದ್ದೆ ಮಾಡಿದ್ದನ್ನು ನಾನು ಲೆಕ್ಕವಿಟ್ಟವಳ ಹಾಗೆ ಗಮನಿಸುತ್ತಿದ್ದೆ. ಹಾಗೆ ನೋಡುತ್ತ ಪ್ರಸಂಗ ನನಗೂ ಕೇಳಿಸುತ್ತಿರಲಿಲ್ಲ ಎಂಬುದು ಬೇರೆ ಮಾತು.

ಆಕೆಗೆ ಇದರಿಂದ ನಷ್ಟವೂ ಆಯಿತು. ಹಾವೇರಿಯ ದೊಡ್ಡ ಕಲ್ಯಾಣ ಮಂಟಪದವರು ಬಂದು ವರ್ಷವಿಡೀ ರೊಟ್ಟಿ ನೀವೇ ಕೊಡಿ, ಆದರೆ ಸಂಜೆ ಏಳೂವರೆಗೆ ಬಿಸಿಬಿಸಿ ಗಾಡಿಗೆ ಹಾಕಬೇಕು ಎಂದರು. ಆಕೆ ಒಲ್ಲೆ ಎಂದಳು. ನನಗೆ ತಡೆಯಲಾಗಲಿಲ್ಲ. "ಒಂದಿಪ್ಪತ್ತ ನಿಮಿಷ ಆಕಡೆ ಈಕಡೆ ಮಾಡಿದ್ರ ದೇವರೇನ ಸಿಟ್ಟಾಗ್ತಾನೇನ್ರಿ?" ಎಂದೆ.

"ದೇವರು ಆಗಂಗಿಲ್ರಿ," ಎಂದಳು. "ನಾ ಹೊಳ್ಳಿ ಕುಂದರಂಗಿಲ್ಲ, ಅಷ್ಟ. ನನ್ನ ಬುದ್ಧಿ ನನಗ ಗೊತ್ತೈತಿ. ಕೆಲಸ ಮುಗಿಸಿ ಕುಂದರ್ತೇನಿ ಅಂದ್ರ ನಾ ಸತ್ತ ಮ್ಯಾಲೇ ಕುಂದರೂದು."

ಇದು ನನಗೇ ಹೇಳಿದ ಮಾತು ಎಂದುಕೊಂಡು ಒಂದು ವಾರ ಉರಿದೆ. ಈಗ ಯೋಚಿಸಿದರೆ, ಆಕೆಗೆ ಹಾಗೆ ಸುತ್ತಿ ಬಳಸಿ ಚುಚ್ಚುವಷ್ಟು ಪುರುಸೊತ್ತೂ ಇರಲಿಲ್ಲ.

ನಮ್ಮ ಸಭೆಯಲ್ಲಿ ಶುಕ್ರವಾರ ಸಂಜೆ ಮನೆಯಿಂದ ಮನೆಗೆ ಪ್ರಾರ್ಥನಾ ಕೂಟ ತಿರುಗುತ್ತದೆ. ಮೊದಲು ಕೂಟದ ಕೊನೆಗೆ ಚಹ ಮಾತ್ರ ಇತ್ತು. ಒಬ್ಬರು ಮಂಡಕ್ಕಿ ಮಾಡಿದರು, ಮುಂದಿನವರು ಅದಕ್ಕೆ ಮಿರ್ಚಿ ಭಜಿ ಸೇರಿಸಿದರು, ಇನ್ನೊಬ್ಬರು ಶಿರಾ. ಈ ಪೈಪೋಟಿಯನ್ನು ಹೋಳಿಗೆಯವರೆಗೆ ಒಯ್ದವಳು ನಾನು ಎಂಬ ಹೆಮ್ಮೆ ನನಗಿತ್ತು. ಆಕೆಯ ಸರದಿ ಬಂದಾಗ ಚಹದ ಜೊತೆ ಒಣ ಮಂಡಕ್ಕಿ, ಅದೂ ದೊಡ್ಡ ಪರಾತದಲ್ಲಿ ಸುರಿದು ನಡುವೆ ಇಟ್ಟದ್ದು. ಯಾರೂ ಏಳಲೊಲ್ಲರು! ಎಂಟೂವರೆಗೆ ಮುಗಿಯಬೇಕಾದ ಕೂಟ ಹಾಡಿನ ಮೇಲೆ ಹಾಡಾಗಿ ಒಂಬತ್ತೂವರೆಯವರೆಗೆ ನಡೆಯಿತು. ಬಟ್ಟೆ ರಾಶಿಗೆ ಒರಗಿಕೊಂಡು ಮುದುಕರೊಬ್ಬರು ದೇವರು ತಮ್ಮ ಬಾಳಿನಲ್ಲಿ ಮಾಡಿದ್ದಕ್ಕೆ ಸಾಕ್ಷಿ ಹೇಳುತ್ತ ಅತ್ತರು.

ಮುಂದಿನ ಶುಕ್ರವಾರ ನಮ್ಮದು. ನೋಡೇಬಿಡೋಣ ಎಂದುಕೊಂಡೆ. ಹಿಂದಿನ ದಿನವೇ ಹೂರಣ ರುಬ್ಬಿದೆ. ಹೊಸ ಜಮಖಾನೆ, ಮೇಜಿಗೆ ಕಸೂತಿ ಹಾಕಿದ ಹೊದಿಕೆ, ಹಾಡುಗಳನ್ನು ಕೈಬರಹದಲ್ಲಿ ಬರೆದು ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಒಂದೊಂದು ಪ್ರತಿ. ಕೂಟ ಶುರುವಾದಾಗ ನಾನು ಅಡುಗೆಮನೆಯಲ್ಲಿದ್ದೆ. ಹಾಡು ಮುಗಿದು ಪ್ರಸಂಗ ನಡೆದಾಗಲೂ ಅಲ್ಲೇ. ನಮ್ಮ ಸಭೆಯ ಪದ್ಧತಿಯೊಂದಿದೆ. ಕೊನೆಗೆ ಆ ಮನೆಯವರೆಲ್ಲ ನಡುವೆ ಬಂದು ಮೊಣಕಾಲೂರಬೇಕು, ಉಳಿದವರು ಸುತ್ತ ನಿಂತು ಅವರ ತಲೆಯ ಮೇಲೆ ಕೈಯಿಟ್ಟು ಆ ಮನೆಗಾಗಿ ಪ್ರಾರ್ಥಿಸುತ್ತಾರೆ. ವರ್ಷಕ್ಕೊಮ್ಮೆ ಒಂದು ಮನೆಗೆ ಸಿಗುವ ಆಶೀರ್ವಾದ.

"ಟೀಚರ್, ಬರ್ರಿ. ಮನಿಯವರಿಗೆ ಪ್ರಾರ್ಥನಾ ಮಾಡೂಣು," ಎಂದು ಸಭಾಪಾಲಕರು ಕರೆದರು.

"ಎರಡ ನಿಮಿಷ ರೀ ಅಯ್ಯಾರ, ಎಣ್ಣೀ ಕಾದೈತಿ. ನೀವು ಚಾಲೂ ಮಾಡ್ರಿ, ಬಂದ ಬಿಟ್ಟೆ."

ಮಿರ್ಚಿ ಆರಿಹೋಗಬಾರದಿತ್ತು. ಕೊನೆಯ ಸುತ್ತಿನವನ್ನು ಎಣ್ಣೆಯಿಂದ ತೆಗೆದು, ತಾಟಿನಲ್ಲಿ ಸಾಲಾಗಿ ಜೋಡಿಸಿ ಹೊರಗೆ ಬಂದೆ. ಎಲ್ಲರ ಕಣ್ಣೂ ಮುಚ್ಚಿದ್ದವು. ನಡುವೆ ನಮ್ಮವರು ಮೊಣಕಾಲೂರಿದ್ದರು. ಅವರ ಬದಿಗೆ ಕರುಣಾ. ಅವಳ ಪಕ್ಕದಲ್ಲಿ, ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆಕೆ. ಕಣ್ಣು ಮುಚ್ಚಿದ್ದ ಸಭಾಪಾಲಕರು ಆಕೆಯ ತಲೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದರು, "ಕರ್ತನೇ, ಈ ಮನೆಯ ತಾಯಿಯನ್ನು ಆಶೀರ್ವದಿಸು." ಎಲ್ಲರೂ ಆಮೆನ್ ಎಂದರು. ಕರುಣಾಳ ಆಮೆನ್ ಎಲ್ಲರಿಗಿಂತ ಗಟ್ಟಿಯಾಗಿ ಕೇಳಿಸಿತು.

ಕಣ್ಣು ತೆರೆದ ಸಭಾಪಾಲಕರು ಮೊದಲು ಆಕೆಯನ್ನು, ಆಮೇಲೆ ತಾಟು ಹಿಡಿದು ನಿಂತ ನನ್ನನ್ನು ನೋಡಿ ಗಂಟಲು ಸರಿಮಾಡಿಕೊಂಡರು. ಮಿರ್ಚಿಯನ್ನು ಎಲ್ಲರೂ ಹೊಗಳಿದರು. ಇಷ್ಟು ಗರಿಗರಿ ಯಾರ ಮನೆಯಲ್ಲೂ ತಿಂದಿಲ್ಲ ಎಂದರು. ನಾನು ನಗುತ್ತ ಬಡಿಸಿದೆ.

ಎಲ್ಲರೂ ಹೋದ ಮೇಲೆ ಮಗಳನ್ನು ಹಿಡಿದು ಕೇಳಿದೆ, "ಅವರನ್ನ ಯಾಕ ಕರದಿ?"

"ನಿನ್ನ ಜಾಗಾ ಖಾಲಿ ಇತ್ತವ್ವಾ," ಎಂದಳು. "ನನಗ ಒಂದ ನಮೂನಿ ಆತು."

ಅವಳಿಗೆ ಆಗ ಹನ್ನೆರಡು. ಅವಳ ಮೇಲೆ ಸಿಟ್ಟು ಮಾಡುವುದು ಸಾಧ್ಯವಿರಲಿಲ್ಲ. ಹಾಗಾಗಿ ಪೂರ್ತಿ ಸಿಟ್ಟನ್ನು ಗೋಡೆಯ ಆಚೆ ಕಳಿಸಿದೆ. ಆಕೆಯ ಜೊತೆ ಮಾತು ಬಿಟ್ಟೆ. ಆಕೆಗೆ ಅದು ತಿಳಿಯಲು ಮೂರು ವಾರ ಬೇಕಾಯಿತು, ಅದಕ್ಕೂ ನನಗೆ ಸಿಟ್ಟು ಬಂತು. ಒಂದು ಮಧ್ಯಾಹ್ನ ಹಿಟ್ಟಿನ ಕೈಯಲ್ಲೇ ನಮ್ಮ ಬಾಗಿಲಿಗೆ ಬಂದಳು.

"ಟೀಚರ್, ನನ್ನ ಮ್ಯಾಲೆ ಸಿಟ್ಟಾಗೀರಿ ಹೌದಲ್ರಿ?"

"ಛೆ, ಇಲ್ಲಲ್ರಿ."

"ಮತ್ತ ಬಟ್ಟಲಾ ಖಾಲಿ ಬಂತು. ನೀವು ಯಾವತ್ತೂ ಖಾಲಿ ಕಳಸಿದವರಲ್ಲ." ಹೊಸ್ತಿಲ ಮೇಲೇ ಕುಳಿತುಕೊಂಡಳು. ಒಳಗೆ ಬಂದರೆ ನನ್ನ ನೆಲಕ್ಕೆ ಹಿಟ್ಟು ಬೀಳುತ್ತದೆ ಎಂದು ಆಕೆಗೆ ಗೊತ್ತಿತ್ತು. "ಅವತ್ತ ಕೂಸು ಕೈ ಹಿಡದು ಎಳೀತು, ಕುಂತೆ. ನಿಮ್ಮ ಜಾಗಾ ನನಗ್ಯಾಕ್ರೀ? ನನ್ನ ಜಾಗಾನ ನನಗ ಸಾಲಂಗಿಲ್ಲ, ನೋಡ್ರಿಲ್ಲೆ!" ಎಂದು ತನ್ನ ಸೊಂಟ ತಟ್ಟಿಕೊಂಡು ನಕ್ಕಳು. ನಾನು ನಗಲಿಲ್ಲ. ಎದ್ದು ಹೋಗುವಾಗ ಏಕವಚನಕ್ಕೆ ಇಳಿದು ಹೇಳಿದಳು, "ತಂಗೀ, ಆರಿದ ಭಜಿ ತಿಂದು ಯಾರೂ ಸಾಯಂಗಿಲ್ಲವಾ. ಬಂದು ಕುಂದರು."

ಆಕೆ ಹೋದ ಮೇಲೆ ಸೊಂಟದ ಮಾತು ನೆನಪಾಗಿ ಒಬ್ಬಳೇ ನಕ್ಕೆ. ನಕ್ಕದ್ದಕ್ಕೆ ಮತ್ತೆ ಸಿಟ್ಟು ಬಂತು. ಮಾತು ಮೊದಲಿನಂತಾಯಿತು, ಬಟ್ಟಲೂ ತುಂಬಿ ಹೋಗತೊಡಗಿತು. ಹೋಗಿ ಕೂತೆನೇ ಎಂದರೆ, ಇಲ್ಲ.

ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ನನಗೆ ಇನ್ನೂ ನೆನಪಿದೆ. ಕರುಣಾ ಶಾಲೆಗೇ ಮೊದಲಿಗಳು. ಆಕೆಯ ಮಗ ಎರಡು ವಿಷಯದಲ್ಲಿ ನಪಾಸು. ಸಂಜೆ ನಮ್ಮ ಮನೆ ತುಂಬ ಜನ, ಪೇಡೆ, ಎಡೆಬಿಡದೆ ಫೋನು. ಏಳು ಗಂಟೆಗೆ ನನ್ನ ಕಿವಿ ತಾನಾಗಿ ಗೋಡೆಯ ಕಡೆ ಹೋಯಿತು. ಇವತ್ತು ಹಾಡು ಏಳಲಿಕ್ಕಿಲ್ಲ ಎಂದುಕೊಂಡೆ. ಏಳಬಾರದು ಎಂದೂ ಅಂದುಕೊಂಡೆ, ಒಪ್ಪಿಕೊಳ್ಳುತ್ತೇನೆ. ಹಾಡು ಎದ್ದಿತು. ಆ ಹುಡುಗ ಬಿಕ್ಕುತ್ತಿದ್ದ, ಅದೂ ಕೇಳಿಸಿತು. ಆಕೆ ಅವನ ಬಿಕ್ಕು ಮುಚ್ಚುವ ಹಾಗೆ ದನಿ ಏರಿಸಿ, ಶ್ರುತಿ ಪೂರ್ತಿ ಬಿಟ್ಟು ಹಾಡುತ್ತಿದ್ದಳು. ಆಮೇಲೆ ನೋಡಿದರೆ ನಮ್ಮ ಮನೆಯ ಗದ್ದಲದ ನಡುವೆ ಕರುಣಾ ಇಲ್ಲ. ಎಲ್ಲರೂ ಅವಳನ್ನೇ ಕೇಳುತ್ತಿದ್ದರು. ಅವಳು ನಪಾಸಾದವನ ಮನೆಯಲ್ಲಿ ಕೂತು ತನ್ನ ಫಲಿತಾಂಶಕ್ಕೆ ಸ್ತೋತ್ರ ಹೇಳಿ ಬಂದಳು. ನಮ್ಮ ಮನೆಯಲ್ಲಿ ಆ ದಿನ ಪ್ರಾರ್ಥನೆ ಆಗಲಿಲ್ಲ. ತಾಟುಗಳನ್ನು ತೊಳೆಯುವುದಿತ್ತು.

ಕರುಣಾ ನರ್ಸಿಂಗ್ ಓದಲು ಹಾವೇರಿಯ ಹಾಸ್ಟೆಲ್ಲಿಗೆ ಹೋದಳು. ನನಗೆ ದಿನಾ ಫೋನು ಮಾಡುತ್ತಿದ್ದಳು. ಊಟ ಆಯಿತೇ, ಬಟ್ಟೆ ಒಣಗಿತೇ, ಹಾಳೆಗಳಿಗೆ ಅಂಚು ಬಿಟ್ಟು ಬರೆದೆಯಾ ಎಂದು ನಾನು ಕೇಳುತ್ತಿದ್ದೆ. ವಾರಕ್ಕೊಮ್ಮೆ ಆಕೆಗೆ ಮಾಡುತ್ತಿದ್ದಳು. ಅಲ್ಲಿ ಏನು ಮಾತಾಡುತ್ತಿದ್ದರೋ ಗೊತ್ತಿಲ್ಲ. ಮುಗಿಯುವಾಗ ಆಕೆ ಫೋನಿನಲ್ಲೇ ಪ್ರಾರ್ಥಿಸುವುದು ಮಾತ್ರ ಗೋಡೆ ದಾಟಿ ಬರುತ್ತಿತ್ತು.

ಈ ವರ್ಷ ಬೇಸಿಗೆಯಲ್ಲಿ ಕರುಣಾಳ ಮದುವೆ. ರಾಣೇಬೆನ್ನೂರಿನ ಹುಡುಗ, ಅಲ್ಲಿನ ಚರ್ಚಿನಲ್ಲೇ ಮದುವೆ. ಬೆಳಗ್ಗೆ ಎಂಟಕ್ಕೆ ಬ್ಯಾಡಗಿ ಬಿಡಬೇಕು. ಅದಕ್ಕೂ ಮೊದಲು ಮದುಮಗಳು ತವರಿನಲ್ಲಿ ತಂದೆತಾಯಿಯ ನಡುವೆ ಮೊಣಕಾಲೂರಿ, ಸಭಾಪಾಲಕರು ಪ್ರಾರ್ಥಿಸಿ ಕಳಿಸಬೇಕು. ನನ್ನ ಕೈಯಲ್ಲಿ ಮೂರು ಪುಟದ ಪಟ್ಟಿ. ಹೂವಿನ ಪೆಟ್ಟಿಗೆ ಗಾಡಿಗೆ ಏರಿದವೇ ಎಂದು ನೋಡಲು ಹೊರಗಿದ್ದೆ. ಒಳಗಿನಿಂದ ಕರುಣಾ, ಆಂಟಿಯನ್ನು ಕರೆಯಿರಿ ಎನ್ನುತ್ತಿದ್ದುದು ಕೇಳಿಸಿತು. ಕರೆಯಲು ಹೋದವರಿಗೆ ಆಕೆಯ ಗಂಡ ಬಾಗಿಲಲ್ಲೇ, "ಬರ್ತಾಳ, ನೀವು ಚಾಲೂ ಮಾಡ್ರಿ" ಎಂದನಂತೆ. ಆಕೆ ಬರಲಿಲ್ಲ.

ಪಟ್ಟಿಯ ಎರಡನೆಯ ಪುಟ ಒಳಗೆ ಮರೆತಿದ್ದೆ. ತರಲು ಬಂದೆ. ಮಗಳು ಬಿಳಿ ಸೀರೆಯಲ್ಲಿ ಮೊಣಕಾಲೂರಿದ್ದಳು, ಕಣ್ಣು ಬಾಗಿಲ ಕಡೆ. ಒಂದು ಬದಿಗೆ ಅವಳ ಅಪ್ಪ, ಇನ್ನೊಂದು ಬದಿ ಖಾಲಿ. ಆ ಜಾಗವನ್ನು ತುಂಬುವವರು ಅಂದು ಯಾರೂ ಇರಲಿಲ್ಲ. ಹೋಗಿ ಕೂತೆ. ರೇಷ್ಮೆ ಸೀರೆಯ ಮಡಿಕೆ ಹೋಗುತ್ತದೆ ಎಂದು ಆಗಲೂ ನೆನಪಾಯಿತು, ಸುಳ್ಳೇಕೆ ಹೇಳಲಿ. ಆದರೂ ಕೂತೆ. ಕರುಣಾ ನನ್ನ ಕೈ ಹಿಡಿದಳು. ಅವಳ ಕೈ ತಣ್ಣಗಿತ್ತು. ಸಭಾಪಾಲಕರು ನನ್ನ ತಲೆಯ ಮೇಲೆ ಕೈಯಿಟ್ಟು ಈ ಮನೆಯ ತಾಯಿ ಎಂದರು. ನನ್ನ ಇಡೀ ಬಾಳಿನಲ್ಲಿ ಅಷ್ಟು ಸುಖದ ಐದು ನಿಮಿಷ ಬೇರೆ ಇಲ್ಲ.

ಗಾಡಿಯಲ್ಲಿ ಕರುಣಾ ಸಣ್ಣ ದನಿಯಲ್ಲಿ ಅಂದಳು, "ಆಂಟಿ ಬರಲೇ ಇಲ್ಲವ್ವಾ."

"ಅವರಿಗೆ ಹಾವೇರಿದು ರೊಟ್ಟಿ ಆರ್ಡರ್ ಇತ್ತಂತ," ಎಂದೆ. "ಮುಗಸಬೇಕಲ್ಲ."

ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ಬಾಯಿಗೆ ಬಂತು, ಆಡಿದೆ.

"ಆಂಟಿ ರೊಟ್ಟಿ ಸಲುವಾಗಿ ಪ್ರಾರ್ಥನಾ ಬಿಟ್ರಾ?" ಎಂದು ಕೇಳಿ ಕಿಟಕಿಯ ಕಡೆ ತಿರುಗಿದಳು. ಅವಳ ಮುಖ ಬಾಡಿದ್ದನ್ನು ಕಂಡೆ. ನನಗೆ ಖುಷಿಯಾಯಿತು. ಹದಿನಾರು ವರ್ಷದಲ್ಲಿ ಮೊದಲ ಸಲ ಆಕೆ ನನ್ನ ಮಟ್ಟಕ್ಕೆ ಇಳಿದಿದ್ದಳು, ಅದೂ ನಾನೇ ಇಳಿಸಿದ್ದು.

ಮದುವೆಗೆ ಆಕೆ ಬಸ್ಸಿನಲ್ಲಿ ಬಂದಳು. ಚರ್ಚಿನ ಕೊನೆಯ ಸಾಲಿನಲ್ಲಿ ಕೂತಳು. ಊಟವಾದ ಮೇಲೆ ಕರುಣಾಳ ಕೈಗೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಕಟಿರೊಟ್ಟಿಯ ಗಂಟು ಕೊಟ್ಟು, "ತಿಂಗಳ ಗಟ್ಟಲೆ ಇರ್ತಾವ, ಕೆಡಂಗಿಲ್ಲ" ಎಂದಳು. ಕರುಣಾ ಆಕೆಯ ಮುಖ ನೋಡದೆ ಗಂಟನ್ನು ಪಕ್ಕದವರಿಗೆ ದಾಟಿಸಿದಳು. ಆಕೆ ಒಂದು ಗಳಿಗೆ ನಿಂತು, ಸೆರಗು ಸರಿಮಾಡಿಕೊಂಡು ಬಸ್ಸಿಗೆ ಹೊತ್ತಾಯಿತು ಎಂದು ಹೊರಟಳು. ಆಮೇಲೆ ವಾರದ ಫೋನು ನಿಂತಿತು. ಆಕೆ ನನ್ನನ್ನು, "ಕೂಸು ಆರಾಮ ಐತೇನ್ರಿ?" ಎಂದು ಕೇಳುತ್ತಿದ್ದಳು, ಅಷ್ಟೇ. ಆರಾಮ ಎನ್ನುತ್ತಿದ್ದೆ.

ಎರಡೂವರೆ ತಿಂಗಳ ನಂತರ ಒಂದು ಬೆಳಗ್ಗೆ ಪಟಪಟ ಸದ್ದು ಕೇಳಿಸಲಿಲ್ಲ. ಹಿಟ್ಟು ನಾದುತ್ತ ಹಾಗೆಯೇ ಒರಗಿದ್ದಳಂತೆ, ಹೃದಯ ನಿಂತುಹೋಗಿತ್ತು. ಮಣ್ಣಿಗೆ ಕರುಣಾ ಬಂದಳು. ಸ್ವಲ್ಪ ಅತ್ತಳು, ಸಂಜೆಗೇ ರಾಣೇಬೆನ್ನೂರಿಗೆ ಹೊರಟಳು.

ಸ್ಮರಣೆಯ ಕೂಟ ಮುಗಿದ ಮರುದಿನ ಆಕೆಯ ಗಂಡ ನಮ್ಮ ಮನೆಗೆ ಬಂದ. ಮಾತು ಕಡಿಮೆಯ ಮನುಷ್ಯ. ನನ್ನ ಎರಡು ಪುಟಗಳಿಗೆ ಕೃತಜ್ಞತೆ ಹೇಳಲು ಬಂದಿದ್ದ.

"ಚಲೋ ಬರದೀರಿ ಟೀಚರ್. ಅಕಿ ಇದ್ದಿದ್ರ ಖುಷಿ ಪಡ್ತಿದ್ಲು. ನಿಮ್ಮ ಮ್ಯಾಲೆ ಭಾಳ ಜೀವ ಇತ್ತು ಅಕೀಗೆ." ಹಾಗೇ ಮುಂದುವರಿಸಿದ. "ಕರುಣಾನ ಮದುವೀ ದಿನಾ ನಸುಕಿನ್ಯಾಗ ಎದ್ದು, ಹಸರ ಸೀರಿ ಉಟಗೊಂಡು ತಯಾರಾಗಿ ಕುಂತಿದ್ಲು. ಕರೀಲಿಕ್ಕೆ ಬಂದ ಕೂಡಲೇ ಹೋಗಂಗಿಲ್ಲ ಅಂದ್ಲು. ಯಾಕ ಅಂದೆ. ನಾ ಹೋದ್ರ ಕೂಸು ನನ್ನ ಕೈ ಹಿಡೀತೈತಿ, ಟೀಚರ್ ಹೊರಗ ನಿಂದರ್ತಾರ, ಇದೊಂದ ದಿನಾನರ ಅವರು ಕುಂದರ್ಲಿ ಅಂದ್ಲು. ಗ್ವಾಡಿಗೆ ಹತ್ತಿ ನಿಂತ ಎಲ್ಲಾ ಕೇಳಿದ್ಲ್ರೀ. ನೀವು ಕುಂತದ್ದು ಗೊತ್ತಾತು. ಆಮೆನ್ ಅಂದು ಕಣ್ಣ ಒರಸಿಗೊಂಡು, ನಡೀರಿ ಬಸ್ಸಿಗೆ ಅಂದ್ಲು."

ಅವನಿಗೆ ಚಹ ಕೊಟ್ಟೆನೋ ಇಲ್ಲವೋ ನೆನಪಿಲ್ಲ. ಅವನು ಹೋದ ಮೇಲೆ ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಕಿಚ್ಚು. ನನ್ನದು ಎಂದುಕೊಂಡಿದ್ದ ಆ ಐದು ನಿಮಿಷವನ್ನೂ ಆಕೆಯೇ ಕೊಟ್ಟಿದ್ದಳು. ಮಗಳಿಗೆ ಹೇಳದಿದ್ದರೆ ಅದು ನನ್ನದಾಗಿಯೇ ಉಳಿಯುತ್ತದೆ. ಗಾಡಿಯಲ್ಲಿ ಆಡಿದ ಸುಳ್ಳನ್ನು ಸುಳ್ಳೆನ್ನುವವರು ಈಗ ಯಾರೂ ಇಲ್ಲ. ಎರಡು ದಿನ ಹಾಗೆಯೇ ಕಳೆದೆ. ಕಪಾಟುಗಳನ್ನೆಲ್ಲ ಖಾಲಿ ಮಾಡಿ ಒರೆಸಿ ಮತ್ತೆ ಜೋಡಿಸಿದೆ. ಮೂರನೆಯ ದಿನ ಶಾಲೆಯಿಂದ ಬಂದವಳು ಬ್ಯಾಗು ಕೂಡ ಇಳಿಸದೆ ಫೋನು ಮಾಡಿದೆ.

"ಕರುಣಾ, ಮದುವೀ ದಿನಾ ಆಂಟಿಗೆ ರೊಟ್ಟಿ ಆರ್ಡರ್ ಇರಲಿಲ್ಲ. ನಾ ಸುಳ್ಳ ಹೇಳಿದೆ."

"ಯಾಕವ್ವಾ?"

"ಹೊಟ್ಟೀಕಿಚ್ಚಿಗೆ." ಆ ಮಾತು ಆಡಿದ ಮೇಲೆ ಉಳಿದದ್ದು ಸುಲಭವಾಯಿತು. ಹಸಿರು ಸೀರೆಯಿಂದ ಆಮೆನ್‌ವರೆಗೆ ಆತ ಹೇಳಿದ್ದನ್ನೆಲ್ಲ ಹೇಳಿದೆ.

ಆಮೇಲೆ, "ಅಂದ್ರ ಆಂಟಿ ಬರಲಿಲ್ಲ ಅಂತ ನೀ ಕುಂತಿ," ಎಂದಳು.

"ಹೌದು."

"ನಾ ಅವರ ಮಾರೀ ಸುದ್ದಾ ನೋಡಲಿಲ್ಲವ್ವಾ. ರೊಟ್ಟಿ ಗಂಟು ಕೊಟ್ರು, ಮಾರೀ ಸುದ್ದಾ ನೋಡಲಿಲ್ಲ."

ಎಂದವಳೇ ಅಳತೊಡಗಿದಳು. ಮಣ್ಣಿನ ದಿನ ಅವಳು ಹಾಗೆ ಅತ್ತಿರಲಿಲ್ಲ. ಮದುವೆಯಾಗಿ ನನ್ನನ್ನು ಬಿಟ್ಟು ಹೋಗುವಾಗಲೂ ಅತ್ತಿರಲಿಲ್ಲ. ಈ ಅಳು ಪೂರ್ತಿ ಆಕೆಯದು, ಅದರಲ್ಲಿ ನನ್ನ ಪಾಲು ಒಂದು ಹನಿಯೂ ಇಲ್ಲ ಎಂದು ಗೊತ್ತಾಯಿತು. ಅದಕ್ಕೂ ನನ್ನ ಹೊಟ್ಟೆ ಉರಿಯಿತು. ಸಮಾಧಾನ ಹೇಳಿ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು, ಮಗಳು ಇನ್ನೊಬ್ಬಳಿಗಾಗಿ ಅಳುವುದನ್ನು ಮುಗಿಯುವ ತನಕ ಕೇಳಿದೆ.

ಬಹಳ ಹೊತ್ತಿನ ಮೇಲೆ ಮೂಗು ಎಳೆದುಕೊಂಡು ಕೇಳಿದಳು, "ಅವ್ವಾ, ಅದೀ ಏನ?"

"ಅದೇನಿ," ಎಂದೆ. "ಕುಂತೇನಿ."